ದಲ್ಲಾಳಿ ಕಲ್ಲೇಶಪ್ಪ ಮತ್ತು ಎಳೆಯರ ಪಂಚಾಯಿತಿ

ಕೊಡ್ಲಿಪೇಟೆಯ ಸಂತೆಯಲ್ಲಿ ದನದ ದಲ್ಲಾಳಿ ಕಲ್ಲೇಶಪ್ಪನನ್ನು ಹುಡುಕುವವರು ಕಣ್ಣಿಗಿಂತ ಕಿವಿಯನ್ನು ನಂಬಬೇಕಿತ್ತು. ಮಾತು ಎಲ್ಲಿ ಜೋರಾಗಿ ಕೇಳುತ್ತದೋ ಅಲ್ಲಿ ಅವನಿದ್ದ. ಎತ್ತಿನ ಬಾಯಿ ಬಿಡಿಸಿ ಹಲ್ಲು ತೋರಿಸುತ್ತ, ಬೆನ್ನಿನ ಸುಳಿಗೆ ಇಲ್ಲದ ಮಹಿಮೆಯನ್ನೆಲ್ಲ ಹಚ್ಚುತ್ತ, ಕೊಳ್ಳಲು ಬಂದವನ ತಾತನಿಗೂ ತನ್ನ ತಾತನಿಗೂ ಇದ್ದ ನಂಟನ್ನು ನಿಂತ ನಿಲುವಿನಲ್ಲೇ ಹೊಸೆಯುತ್ತ, ಬೆಳಗಿನಿಂದ ಸಂಜೆಯವರೆಗೆ ಅವನ ನಾಲಿಗೆಗೆ ಬಿಡುವಿರಲಿಲ್ಲ. ಆದರೆ ಬೆಲೆಯ ಪ್ರಸ್ತಾಪ ಬಂದ ಕೂಡಲೇ ಅದೇ ಬಾಯಿ ಗಪ್ಪನೆ ಮುಚ್ಚಿಕೊಳ್ಳುತ್ತಿತ್ತು. ಹೆಗಲ ಮೇಲಿನ ಟವಲು ಕೈಗಳ ಮೇಲೆ ಬೀಳುತ್ತಿತ್ತು, ಅದರ ಕೆಳಗೆ ಬೆರಳಿಗೆ ಬೆರಳು ಸೇರುತ್ತಿತ್ತು. ಸುತ್ತ ನಿಂತವರಿಗೆ ಕಾಣಿಸುತ್ತಿದ್ದದ್ದು ಇಬ್ಬರು ಗಂಡಸರ ಗಂಭೀರ ಮುಖ ಮಾತ್ರ.

ಈ ಕೈವ್ಯಾಪಾರದ ಕಾನೂನನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೂ ಕಚೇರಿಯ ಕಾನೂನಿಗಿಂತ ಅದು ಗಟ್ಟಿ. ಒಂದು ಬೆರಳು ಹಿಡಿಯಬಹುದು, ಬಿಡಬಹುದು, ಮತ್ತೆರಡು ಹಿಡಿಯಬಹುದು. ಅಂಗೈಯನ್ನು ಪೂರ್ತಿ ಹಿಡಿದು ಅದುಮಿದ ಮೇಲೆ ಮಾತ್ರ ಮುಗಿಯಿತು, ಆ ಮಾತು ಹಿಂದಕ್ಕೆ ಬರುವಂತಿಲ್ಲ. ಅದುಮಿದ್ದನ್ನು ಹಿಂದೆ ತೆಗೆದ ದಲ್ಲಾಳಿಯ ಟವಲಿನ ಕೆಳಗೆ ಆಮೇಲೆ ಯಾರೂ ಕೈ ಇಡುವುದಿಲ್ಲ. ಅದಕ್ಕೇ ಅದುಮುವ ಮೊದಲು ದಲ್ಲಾಳಿಯಾದವನು ಒಮ್ಮೆ ಎತ್ತಿನ ಯಜಮಾನನ ಮುಖ ನೋಡಬೇಕು, ಅವನು ತಲೆಯಾಡಿಸಬೇಕು. ಕಲ್ಲೇಶಪ್ಪ ಇದನ್ನು ಅಪ್ಪನಿಂದ ಕಲಿತಿದ್ದ. ಮೀಸೆ ನರೆಯುವವರೆಗೂ ಒಂದು ಸಲವೂ ತಪ್ಪಿರಲಿಲ್ಲ.

ಆಗ ಕೊಡಗು ಇನ್ನೂ ಪ್ರತ್ಯೇಕ ರಾಜ್ಯ. ಮಡಿಕೇರಿಯಲ್ಲಿ ನಮ್ಮದೇ ಸರ್ಕಾರ, ನಮ್ಮದೇ ಮಂತ್ರಿಗಳು. ಮೊದಲ ಚುನಾವಣೆ ಆಗಿ ಹೆಚ್ಚು ದಿನವಾಗಿರಲಿಲ್ಲ. ಆ ಚುನಾವಣೆಯ ದಿನ ಓಟು ಹಾಕಿ ಹೊರಗೆ ಬಂದ ರೈತನೊಬ್ಬ ಕಲ್ಲೇಶಪ್ಪನನ್ನು ಪಕ್ಕಕ್ಕೆ ಕರೆದು, ತಾನು ಯಾರಿಗೆ ಹಾಕಿದೆ ಎನ್ನುವುದನ್ನು ಟವಲಿನ ಕೆಳಗೆ ಬೆರಳು ಹಿಡಿದು ಹೇಳಿದ್ದನಂತೆ. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಓಟಿನ ಪೆಟ್ಟಿಗೆ, ಎಷ್ಟನೆಯ ಪೆಟ್ಟಿಗೆ ಎಂದು ಅಷ್ಟು ಬೆರಳು. ಕಲ್ಲೇಶಪ್ಪ ಈ ಕಥೆಯನ್ನು ಸಿಕ್ಕವರಿಗೆಲ್ಲ ಹೇಳಿ ನಗುತ್ತಿದ್ದ. ನಕ್ಕ ಮೇಲೆ ಮಾತ್ರ, "ನಗೋ ಮಾತಲ್ಲ ಕಣ್ರಯ್ಯ, ನಮ್ಗೆ ಬಾಯ್ಬಿಟ್ಟು ಹೇಳೋ ಅಭ್ಯಾಸನೇ ಇಲ್ಲ" ಅನ್ನುತ್ತಿದ್ದ. ತನ್ನನ್ನೂ ಸೇರಿಸಿಯೇ ಹಾಗೆ ಹೇಳುತ್ತಿದ್ದನೋ ಏನೋ, ಗೊತ್ತಿಲ್ಲ.

ಅಷ್ಟರಲ್ಲಿ ಊರಿಗೆ ಹೊಸದಾಗಿ ಒಬ್ಬ ಗ್ರಾಮಸೇವಕ ಬಂದ. ಸೈಕಲ್ಲು, ಕಾಕಿ ಚಡ್ಡಿ, ಕಣ್ಣ ತುಂಬ ಕನಸು. ಹದಿಮೂರರಿಂದ ಹದಿನೇಳರ ಮಕ್ಕಳೆಲ್ಲ ಸೇರಿ ತಮ್ಮದೇ ಒಂದು ಪಂಚಾಯಿತಿ ಮಾಡಿಕೊಳ್ಳಬೇಕು, ಅಧ್ಯಕ್ಷರನ್ನು ತಾವೇ ಆರಿಸಬೇಕು, ಊರಿನ ಕೆಲಸ ನೋಡಿ ಕಲಿಯಬೇಕು, ನಾಳೆ ದೊಡ್ಡ ಪಂಚಾಯಿತಿಯಲ್ಲಿ ಕೂರುವವರು ಇವರೇ ಅಲ್ಲವೇ ಎಂದು ಶಾಲೆಯಲ್ಲಿ ಸಭೆ ಸೇರಿಸಿ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. "ಆದರೆ ಮಕ್ಕಳ ಜೊತೆಗೆ ಕೂರಕ್ಕೆ ಒಬ್ಬರು ಹಿರಿಯರು ಬೇಕು. ಸಂಬಳ ಇಲ್ಲ. ಪ್ರತಿ ಭಾನುವಾರ ಬರಬೇಕು" ಅಂದ ಕೂಡಲೇ ಚಪ್ಪಾಳೆ ನಿಂತಿತು. ಮೇಷ್ಟರಿಗೆ ಭಾನುವಾರ ತೋಟಕ್ಕೆ ಹೋಗಬೇಕಿತ್ತು. ಅಂಗಡಿಯವರಿಗೆ ಅಂಗಡಿ ಇತ್ತು. ಹಿಂದಿನ ಬೆಂಚಿನಲ್ಲಿದ್ದ ಕಲ್ಲೇಶಪ್ಪ ಎದ್ದು ನಿಂತು, "ನಾ ಬತ್ತೀನಿ ಸ್ವಾಮಿ, ಭಾನುವಾರ ದನ ಮಾರೋರೂ ಇಲ್ಲ, ಕೊಳ್ಳೋರೂ ಇಲ್ಲ" ಅಂದ. ಸಭೆ ಗೊಳ್ಳೆಂದಿತು. ಗ್ರಾಮಸೇವಕ ಮಾತ್ರ ಅವನ ಕೈ ಹಿಡಿದು ಕುಲುಕಿದ.

"ಮನೇಲಿ ನಂಗೆ ಒಂದು ಮಾತಾಡಕ್ಕೆ ಬಿಡಲ್ಲ ನೀವು, ಆ ಮಕ್ಳು ಹೆಂಗೆ ತಡ್ಕತಾವೋ ಶಿವನೇ!" ಎಂದು ಹೆಂಡತಿ ಸುಮಿತ್ರಮ್ಮ ಹಣೆ ಹಣೆ ಚಚ್ಚಿಕೊಂಡಳು.

ಅವಳು ಹೇಳಿದ್ದು ಸುಳ್ಳಾಗಲಿಲ್ಲ. ಮೊದಲ ಕೆಲವು ಭಾನುವಾರ ಎಳೆಯರ ಪಂಚಾಯಿತಿ ಅಂದರೆ ಕಲ್ಲೇಶಪ್ಪನ ಒಬ್ಬನದೇ ಭಾಷಣ. ಊರಿನ ಚರಂಡಿಯಿಂದ ಹಿಡಿದು ಹಳ್ಳಿಕಾರ್ ಎತ್ತಿನ ಗುಣದವರೆಗೆ ಹೇಳಿದ್ದೇ ಹೇಳಿದ್ದು. ಮಕ್ಕಳು ಆಕಳಿಸಿದರು. ಹುಡುಗಿಯರ ಸಾಲಿನಲ್ಲಿ ಕೂತಿದ್ದ ವಿಮಲ ಎನ್ನುವವಳು ಒಂದು ದಿನ ಎದ್ದು ನಿಂತಳು. ಸಂತೆಯಲ್ಲಿ ವೀಳ್ಯದೆಲೆ ಮಾರುವ ಹಾಲಮ್ಮನ ಮಗಳು ಅವಳು. ಅಪ್ಪ ಇಲ್ಲ. ವಯಸ್ಸು ಹದಿನೈದಿದ್ದೀತು. ಮಕ್ಕಳು ಅವಳನ್ನೇ ಅಧ್ಯಕ್ಷೆ ಮಾಡಿಕೊಂಡಿದ್ದರು. "ಮಾವ, ಒಂದು ನಿಯಮ ಮಾಡಾಣ ಅಂತಿದೀವಿ. ಅಧ್ಯಕ್ಷರು ಕೇಳ್ದಾಗ ಮಾತ್ರ ಹಿರಿಯರು ಮಾತಾಡ್ಬೇಕು" ಅಂದಳು.

ಕಲ್ಲೇಶಪ್ಪನ ಮುಖ ಕೆಂಪಾಯಿತು. ಮನೆಗೆ ಬಂದವನು ಊಟ ಮಾಡದೆ ಗೋಡೆಗೆ ಒರಗಿ ಕೂತ. ಮರುದಿನ ಬೆಳಗಾಗುವಷ್ಟರಲ್ಲಿ ಸಿಟ್ಟು ಇಳಿದಿತ್ತು. ಸಂತೆಯ ದಿನ ಬಂದಾಗ ಅದೇ ಸುದ್ದಿಯನ್ನು ಹೆಮ್ಮೆಯಿಂದ ಸಾರಿಕೊಂಡು ತಿರುಗುತ್ತಿದ್ದ. "ನನ್ನ ಮಕ್ಳು ನನ್ ಮೇಲೇ ಕಾನೂನು ಮಾಡ್ಬಿಟ್ವು ಕಣಪ್ಪ! ನಿಮ್ಮನೇ ಮಕ್ಳಿಗೆ ಐತಾ ಆ ಧೈರ್ಯ?"

ಅಲ್ಲಿಂದ ಕೆಲಸ ನಡೆಯಿತು. ಬಾವಿಕಟ್ಟೆಯ ಸುತ್ತ ಕೆಸರಾಗದಂತೆ ಮಕ್ಕಳು ತಾವೇ ಕಲ್ಲು ಹಾಸಿದರು. ಬಿಡಾಡಿ ದನ ಕಟ್ಟುವ ದೊಡ್ಡಿಯಲ್ಲಿ ನೀರಿನ ತೊಟ್ಟಿ ಇಲ್ಲ ಎಂದು ದೊಡ್ಡ ಪಂಚಾಯಿತಿಗೆ ಹೋಗಿ ಕೇಳಿ, ಹಾಕಿಸಿಕೊಂಡು ಬಂದರು. ತನ್ನ ಹೆಸರು ಹೇಳಲೂ ತಡವರಿಸುತ್ತಿದ್ದ ಖಾದರ್ ಎನ್ನುವ ಹುಡುಗ ಒಂದು ಭಾನುವಾರ ಎದ್ದು, "ನಾನು ಇದಕ್ಕೆ ಒಪ್ಪಲ್ಲ" ಅಂದ. ಏನಕ್ಕೆ ಒಪ್ಪಲಿಲ್ಲ ಎನ್ನುವುದು ಕಲ್ಲೇಶಪ್ಪನಿಗೆ ಆಮೇಲೆ ನೆನಪೇ ಉಳಿಯಲಿಲ್ಲ. ಹುಡುಗ ಎದ್ದು ನಿಂತು ಒಪ್ಪಲ್ಲ ಅಂದನಲ್ಲ, ಅಷ್ಟು ಸಾಕಾಗಿತ್ತು. ತಾನು ಆರಿಸಿದ ಹೋರಿ ಮೊದಲ ಸಲ ನೊಗಕ್ಕೆ ಹೆಗಲು ಕೊಟ್ಟು ನೇರ ನಡೆದಾಗ ಆಗುತ್ತಿದ್ದ ಸಂತೋಷವೇ ಅದು. ಮಗಳನ್ನು ಸೋಮವಾರಪೇಟೆಗೆ ಕೊಟ್ಟ ಮೇಲೆ ಮನೆ ಬಿಕೋ ಅನ್ನುತ್ತಿತ್ತು. ಈಗ ವಾರವಿಡೀ ಭಾನುವಾರಕ್ಕೆ ಕಾಯುವುದೇ ಒಂದು ಸುಖವಾಯಿತು.

ಹೀಗೆ ಎರಡು ವರ್ಷ ಹತ್ತಿರ ಬಂದಾಗ ವಿಮಲ ಒಂದು ವಿಷಯ ಎತ್ತಿದಳು.

"ಸಂತೆ ದಿನ ನಮ್ಮವ್ವ ನೀರು ಕುಡಿಯಲ್ಲ" ಅಂದಳು. ಹುಡುಗರಿಗೆ ಅರ್ಥವಾಗಲಿಲ್ಲ. ಅವಳು ನೆಲ ನೋಡುತ್ತ ಮುಂದುವರಿಸಿದಳು. ಬೆಳಕು ಹರಿಯುವ ಮುಂಚೆ ಬುಟ್ಟಿ ಹೊತ್ತು ಬರುವ ಹೆಂಗಸರು ಹೊತ್ತು ಮುಳುಗುವವರೆಗೂ ಕೂತಲ್ಲೇ ಕೂತಿರುತ್ತಾರೆ. ಗಂಡಸರಿಗೆ ಯಾವ ಮರದ ಬುಡವಾದರೂ ನಡೆಯುತ್ತದೆ. ಹೆಂಗಸರಿಗೆ ಒಂದು ಮರೆ ಇಲ್ಲ. ಅದಕ್ಕೇ ನೀರು ಕುಡಿಯುವುದಿಲ್ಲ. ಹಾಲಮ್ಮ ಹೋದ ತಿಂಗಳು ಉರಿ, ಜ್ವರ ಬಂದು ಮಲಗಿದ್ದು ಇದರಿಂದಲೇ. ಆಸ್ಪತ್ರೆಯ ನರ್ಸಮ್ಮ ಬಯ್ದು ಕಳಿಸಿದ್ದಳು. "ನಮ್ಮಮ್ಮಿ ಸಂತೆಗೆ ಬರದೇ ಇರೋದು ಇದಕ್ಕೇ" ಎಂದು ಖಾದರ್ ಮೆಲ್ಲಗೆ ಅಂದ. ಸಂತೆಮಾಳದ ಅಂಚಿನಲ್ಲಿ ಹೆಂಗಸರಿಗೆ ಗೋಡೆ ಕಟ್ಟಿ, ಮೇಲೆ ಜಿಂಕ್ ಶೀಟು ಹಾಕಿ ಒಂದು ಕಕ್ಕಸು ಮಾಡಿಕೊಡಿ ಎಂದು ಊರ ಪಂಚಾಯಿತಿಯ ಮಹಾಸಭೆಯಲ್ಲೇ ಕೇಳುವುದೆಂದು ಮಕ್ಕಳು ತೀರ್ಮಾನಿಸಿದರು. ಮಾತಾಡುವವಳು ವಿಮಲ. ಮಕ್ಕಳಿಗೂ ಒಂದಿಷ್ಟು ಹೊತ್ತು ಕೊಡಿ ಎಂದು ಗ್ರಾಮಸೇವಕ ಮೊದಲೇ ಪಂಚಾಯಿತಿಯನ್ನು ಒಪ್ಪಿಸಿದ್ದ.

ವಿಮಲ ಸಂಜೆ ಹೊತ್ತು ಕಲ್ಲೇಶಪ್ಪನ ಮನೆಯ ಅಡಿಗೆಕೋಣೆಯಲ್ಲಿ ಸುಮಿತ್ರಮ್ಮನ ಮುಂದೆ ನಿಂತು ಭಾಷಣ ಅಭ್ಯಾಸ ಮಾಡುತ್ತಿದ್ದಳು. ಎಲ್ಲ ಸರಾಗ ಬರುತ್ತಿತ್ತು, ಕಕ್ಕಸು ಅನ್ನುವಲ್ಲಿ ಮಾತ್ರ ನಿಂತುಬಿಡುತ್ತಿದ್ದಳು. "ಹೇಳವ್ವ, ಅದ್ಕೇನು ನಾಚ್ಕೆ. ದಿನಾ ಹೋಗಾದಲ್ವ?" ಎಂದು ಸುಮಿತ್ರಮ್ಮ ರೊಟ್ಟಿ ತಟ್ಟುತ್ತ ಧೈರ್ಯ ತುಂಬುತ್ತಿದ್ದಳು. ಜಗಲಿಯಲ್ಲಿ ಕೂತ ಕಲ್ಲೇಶಪ್ಪನ ಕಿವಿ ಬಿಸಿಯಾಗುತ್ತಿತ್ತು. ಊರಿನ ಗಂಡಸರೆಲ್ಲ ಕೂತ ಸಭೆಯಲ್ಲಿ ಈ ಮಗು ಎದ್ದು ಆ ಮಾತು ಆಡಬೇಕಲ್ಲ! ಯಾರಾದರೂ ಕಿಸಕ್ಕನೆ ನಕ್ಕರೆ? ನಾಳೆ ಗಂಡು ನೋಡುವಾಗ, "ಓ, ಅವಳಾ, ಸಭೇಲಿ ಕಕ್ಕಸಿನ ಭಾಷಣ ಮಾಡ್ದೋಳು" ಅಂದರೆ? ಅಪ್ಪನಿಲ್ಲದ ಹುಡುಗಿ. ತಾನಿದ್ದೂ ಅವಳನ್ನು ಊರವರ ಬಾಯಿಗೆ ಬಿಡುವುದೇ? ಅವನಿಗೆ ಆ ಹುಡುಗಿಯ ಮೇಲೆ ಹೆತ್ತ ಮಗಳಷ್ಟೇ ಪ್ರೀತಿ ಇತ್ತು. ಅನಾಹುತ ಮಾಡಿದ್ದೂ ಅದೇ ಪ್ರೀತಿಯೇ.

ಮಹಾಸಭೆಗೆ ಇನ್ನೂ ಒಂದು ವಾರವಿದ್ದಾಗ ಅವನು ನೇರ ಚನ್ನಮಲ್ಲಪ್ಪನ ಜವಳಿ ಅಂಗಡಿಗೆ ಹೋದ. ಚನ್ನಮಲ್ಲಪ್ಪ ಊರ ಪಂಚಾಯಿತಿಯ ಅಧ್ಯಕ್ಷ. ಕೆಟ್ಟ ಮನುಷ್ಯನಲ್ಲ. ಮರ್ಯಾದೆ ಮರ್ಯಾದೆ ಎಂದು ಜಪಿಸುವವರ ಪೈಕಿ.

"ಚನ್ನಮಲ್ಲಪ್ನೋರೆ, ಸಂತೆಮಾಳದಲ್ಲಿ ಹೆಂಗಸ್ರಿಗೆ ಒಂದು ಗೋಡೆ ಆಗ್ಬೇಕು" ಅಂದ ಕಲ್ಲೇಶಪ್ಪ.

"ಕೇಳ್ದೆ. ಆ ಹಾಲಮ್ಮನ ಮಗಳು ಸಭೇಲಿ ಅದನ್ನೆಲ್ಲ ಮಾತಾಡ್ತಾಳಂತೆ. ಏನ್ ಕಲ್ಲೇಶಪ್ಪ, ನೀನಿದ್ದೂ ಹಿಂಗಾ? ಊರ್ ಮಾನ ಹರಾಜಿಗೆ ಹಾಕ್ತೀಯಾ?"

"ಅದ್ಕೇ ಬಂದಿದೀನಿ" ಎಂದು ಕಲ್ಲೇಶಪ್ಪ ಪಕ್ಕಕ್ಕೆ ಕೂತ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಟವಲು ಬಿತ್ತು. ಎಷ್ಟು ಅಡಿ ಗೋಡೆ ಎನ್ನುವುದು ಬೆರಳಿನಲ್ಲೇ ನಡೆಯಿತು. ಚನ್ನಮಲ್ಲಪ್ಪ ನಾಲ್ಕು ಹಿಡಿದರೆ ಕಲ್ಲೇಶಪ್ಪ ಹತ್ತು ಹಿಡಿದ. ಎತ್ತಿನ ವ್ಯಾಪಾರದ ಅಷ್ಟೂ ಚಮತ್ಕಾರ ತೋರಿಸಿ ಎಂಟಕ್ಕೆ ತಂದು ನಿಲ್ಲಿಸಿದ. ಕೊನೆಯ ಷರತ್ತನ್ನು ಮಾತ್ರ ಚನ್ನಮಲ್ಲಪ್ಪ ಕಿವಿಯಲ್ಲಿ ಹೇಳಿದ. ಗೋಡೆ ಖಂಡಿತ ಕಟ್ಟಿಸುತ್ತೇನೆ, ಹುಡುಗಿ ಮಾತ್ರ ಸಭೆಯಲ್ಲಿ ಬಾಯಿ ತೆಗೆಯಬಾರದು. ಕಲ್ಲೇಶಪ್ಪನಿಗೆ ಬೇಕಾಗಿದ್ದೂ ಅದೇ ಅಲ್ಲವೇ? ಅಂಗೈ ಪೂರ್ತಿ ಹಿಡಿದು ಅದುಮಿದ. ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತ ಮನೆಗೆ ಹೋದ.

ಭಾನುವಾರದ ಸಭೆಯಲ್ಲಿ ಅಧ್ಯಕ್ಷೆ ಕೇಳುವವರೆಗೂ ಕಾಯಲು ಆಗಲಿಲ್ಲ ಅವನಿಗೆ. "ಗೋಡೆ ಆಯ್ತು ಮಕ್ಳಾ! ಎಂಟಡಿ! ಮೇಲೆ ಜಿಂಕ್ ಶೀಟು! ವಿಮಲ ಆ ಗಂಡಸ್ರ ಮುಂದೆ ನಿಂತು ಒದ್ದಾಡೋದೇ ಬೇಡ, ಎಲ್ಲಾ ನಾನೇ ಒಳಗೊಳಗೆ ಮುಗಿಸ್ಬಿಟ್ಟಿದೀನಿ" ಎಂದು ನಡೆದದ್ದನ್ನೆಲ್ಲ ಕೈಯಾಡಿಸಿ ವರ್ಣಿಸಿದ. ಮಕ್ಕಳು ಕುಣಿಯುತ್ತಾರೆ ಅಂದುಕೊಂಡಿದ್ದ. ಯಾರೂ ಕುಣಿಯಲಿಲ್ಲ.

"ಮಾವ" ಅಂದಳು ವಿಮಲ. ಅವಳ ದನಿ ಜೋರಾಗಿರಲಿಲ್ಲ. "ಎತ್ತಿನ ಯಜಮಾನನ್ನ ಕೇಳ್ದೆ ನೀವು ಯಾವತ್ತಾದ್ರೂ ಕೈ ಅದುಮಿದೀರಾ?"

ಕಲ್ಲೇಶಪ್ಪ ಹೆಗಲ ಮೇಲಿನ ಟವಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ನಾನು ಮಾತಾಡಲ್ಲ ಅಂತ ಒಪ್ಕಂಡ್ ಬಂದ್ರಲ್ಲ, ನನ್ನ ಮುಖ ನೋಡಿದ್ರಾ?"

ಸಾಂತಪ್ಪ ಎನ್ನುವ ಹುಡುಗ, ಯಾವಾಗಲೂ ಬೇಗ ಮುಗಿಸಿ ಆಟಕ್ಕೆ ಓಡಬೇಕು ಅನ್ನುವವನು, "ಹೋಗ್ಲಿ ಬಿಡು ವಿಮಲ, ಗೋಡೆ ಬಂತಲ್ಲ, ಯಾರ್ ಕೇಳಿದ್ರೇನು" ಅಂದ. ಖಾದರ್ ಅವನ ಮೇಲೆ ರೇಗಿದ. ಜಗಳ ಎದ್ದಿತು. ವಿಮಲ ಎಲ್ಲರನ್ನೂ ಸುಮ್ಮನಾಗಿಸಿದಳು. "ಗೋಡೆ ಬರ್ಲಿ. ನಮ್ಮವ್ವಂಗೆ ಅದು ಬೇಕು. ನಾನು ಮಾತಾಡಲ್ಲ. ಆದ್ರೆ ಇನ್ಮೇಲೆ ನನ್ನ ಅಧ್ಯಕ್ಷೆ ಅನ್ಬೇಡಿ" ಎಂದು ಚೀಲ ಎತ್ತಿಕೊಂಡು ಹೊರಟೇಹೋದಳು. ಉಳಿದ ಮಕ್ಕಳೂ ಒಬ್ಬೊಬ್ಬರಾಗಿ ಎದ್ದರು. ಯಾರೂ ಅವನಿಗೆ ಬರ್ತೀವಿ ಮಾವ ಅನ್ನಲಿಲ್ಲ.

ಕಲ್ಲೇಶಪ್ಪನಿಗೆ ಅಳು ಬಂದಿತ್ತು. ಮನೆಗೆ ಹೋಗಿ ಹೆಂಡತಿಯ ಮುಂದೆ ಹೇಳಿಕೊಂಡ. ಒಳ್ಳೆಯದಕ್ಕೆ ಅಲ್ವೇನೆ ಮಾಡಿದ್ದು, ಆ ಹುಡುಗಿ ನಗೆಪಾಟಲಾಗಬಾರದು ಅಂತ ಅಲ್ವೇ? ಸುಮಿತ್ರಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ವಾಸಿಯಾಗಿತ್ತು.

"ನೀವು ಕೈ ವಾಪಸ್ ತಗೊಂಡ್ರೆ ಸಂತೇಲಿ ನಿಮ್ ಗತಿ ಏನು ಅಂತ ನಂಗೊತ್ತು. ತಗೊಳ್ದೆ ಹೋದ್ರೆ ಆ ಹುಡುಗಿ ಗತಿ ಏನು ಅಂತ ನಿಮಗೊತ್ತು. ನಾನೇನ್ ಹೇಳ್ಲಿ?" ಅಂದಳು.

ಅವನು ಆ ಕ್ಷಣವೇ ಎದ್ದು ಚನ್ನಮಲ್ಲಪ್ಪನ ಅಂಗಡಿಗೆ ಹೊರಟ. ಬೀದಿಯ ತಿರುವಿನವರೆಗೆ ಹೋದವನು ಅಲ್ಲೇ ನಿಂತ. ಇದೂ ಮತ್ತೆ ಅದೇ ಆಗುತ್ತದಲ್ಲ, ಯಜಮಾನನ ಮುಖ ನೋಡದೆ! ಕೈ ಹಿಂದೆ ತೆಗೆದರೆ ಗೋಡೆಯೂ ಹೋದೀತು. ಗೋಡೆ ಬೇಕಾಗಿರುವುದು ತನಗಲ್ಲ. ನಲವತ್ತರ ಮೇಲೆ ಎಷ್ಟೋ ಆದ ಆ ಮನುಷ್ಯ ಬೀದಿಯ ನಡುವೆ ನಿಂತು ಆ ದಿನ ಒಂದು ಹೊಸ ಪಾಠ ಕಲಿತ. ಕಲಿತು ಮನೆಗೆ ವಾಪಸು ಬಂದ.

ಸಂತೆಯ ದಿನ ದನದ ಕಡೆಗೆ ಹೋಗುವ ಮೊದಲು ಹಾಲಮ್ಮ ಎಲೆ ಮಾರುವಲ್ಲಿಗೆ ಹೋದ. ವಿಮಲ ತಾಯಿಯ ಪಕ್ಕದಲ್ಲಿ ಕೂತು ಒದ್ದೆ ಗೋಣಿಯ ಮೇಲೆ ಎಲೆ ಜೋಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ಕಲ್ಲೇಶಪ್ಪ ಮಣ್ಣಿನ ಮೇಲೆ ಕುಕ್ಕರುಗಾಲಲ್ಲಿ ಕೂತ.

"ತಪ್ಪಾಯ್ತು ಕಣವ್ವ" ಅಂದ. "ಸಭೇಲಿ ಎಲ್ರ ಮುಂದೆ ಕೈ ವಾಪಸ್ ತಗೋತೀನಿ. ಆಮೇಲೆ ನೀನು ಮಾತಾಡ್ಬೌದು. ಆದ್ರೆ ಚನ್ನಮಲ್ಲಪ್ಪ ಸಿಟ್ಟಾಗಿ ಗೋಡೆ ಇಲ್ಲ ಅಂದ್ರೂ ಅನ್ಬೌದು. ತಗಳ್ಳಾ, ಬ್ಯಾಡ್ವಾ? ನೀನು ಹೇಳು. ನೀನು ಬ್ಯಾಡ ಅಂದ್ರೆ ನಾನು ಬಾಯ್ಮುಚ್ಕಂಡ್ ಇರ್ತೀನಿ."

ವಿಮಲ ಎಲೆ ಜೋಡಿಸುವುದನ್ನು ಬಿಟ್ಟು ತಾಯಿಯ ಕಡೆ ನೋಡಿದಳು. ಹಾಲಮ್ಮ ಯಾವುದೋ ಗಿರಾಕಿಗೆ ಎಲೆ ಎಣಿಸಿ ಕೊಟ್ಟು, ಬಾಯಿಯ ತಾಂಬೂಲ ಪಕ್ಕಕ್ಕೆ ಉಗಿದು, "ಗೋಡೆ ಇಲ್ದೆ ಇಷ್ಟು ವರ್ಷ ಕಳ್ದಾಯ್ತು. ಇನ್ನೊಂದಷ್ಟು ದಿನ ಕಳೀತೀನಿ. ಇವಳು ಮೂರು ದಿನದಿಂದ ಮನೇಲಿ ಒಂದು ಮಾತಾಡಿಲ್ಲ ಕಲ್ಲೇಶಪ್ಪಣ್ಣ, ಅದು ನೋಡಕ್ಕಾಗಲ್ಲ ನಂಗೆ" ಅಂದಳು. ಆಮೇಲೆ ಮಗಳ ಕಡೆ ತಿರುಗಿ, "ನೀ ಹೋಗಿ ಹೇಳು. ನಾವೂ ಬತ್ತೀವಿ, ಬಾಗಿಲಲ್ಲಿ ನಿಂತಿರ್ತೀವಿ. ಯಾವನ್ ನಗ್ತಾನೋ ನೋಡಾಣ" ಅಂದಳು.

ವಿಮಲ ಕಲ್ಲೇಶಪ್ಪನ ಮುಖ ನೋಡಿ ತಲೆಯಾಡಿಸಿದಳು.

ಮಹಾಸಭೆ ಪಂಚಾಯಿತಿ ಕಟ್ಟಡದ ಹಜಾರದಲ್ಲಿ ನಡೆಯಿತು. ಚನ್ನಮಲ್ಲಪ್ಪ ಜರಿ ಪೇಟ ಸುತ್ತಿಕೊಂಡು ಮೇಜಿನ ಹಿಂದೆ ಕೂತಿದ್ದ. ಜಮಾಯಿಸಿದ್ದವರಲ್ಲಿ ಅರ್ಧಕ್ಕರ್ಧ ಸಂತೆಯ ವ್ಯಾಪಾರಿಗಳೇ. ಮಕ್ಕಳು ಒಂದು ಮೂಲೆಯಲ್ಲಿ ಚಾಪೆಯ ಮೇಲಿದ್ದರು. "ಎಳೆಯರ ಪಂಚಾಯಿತಿಯವರು ಏನಾದರೂ ಹೇಳುವುದಿದೆಯೇ? ಇಲ್ಲ ಅಂತ ಕಾಣುತ್ತೆ" ಎಂದು ಚನ್ನಮಲ್ಲಪ್ಪ ತಾನೇ ಕೇಳಿ ತಾನೇ ಉತ್ತರ ಹೇಳಿ ಮುಂದಿನ ವಿಷಯಕ್ಕೆ ಹೋಗುವವನಿದ್ದ.

ಕಲ್ಲೇಶಪ್ಪ ಎದ್ದು ನಿಂತ. "ಅಧ್ಯಕ್ರೆ, ಹೋದ ವಾರ ನಿಮ್ಮಂಗಡೀಲಿ ನಾನು ಕೈ ಅದುಮಿದ್ದೆ. ಈ ಮಕ್ಳು ಮಾತಾಡಲ್ಲ ಅಂತ. ಮಾತು ಅವ್ರದ್ದು, ಕೇಳ್ದೆ ಅದುಮಿದ್ದು ನಂದು. ಇಷ್ಟು ಜನದ ಮುಂದೆ ಹೇಳ್ತಿದೀನಿ, ಆ ಕೈನ ವಾಪಸ್ ತಗಂಡಿದೀನಿ."

ಹಜಾರದಲ್ಲಿ ಗುಸುಗುಸು ಎದ್ದಿತು. ಕಕ್ಕಸು ಎನ್ನುವ ಮಾತಿಗೆ ಇವರು ಬೆಚ್ಚಿಬೀಳುತ್ತಾರೆಂದು ಅವನು ಹೆದರಿದ್ದ. ಅವರು ಬೆಚ್ಚಿಬಿದ್ದದ್ದು ಕೈ ವಾಪಸು ತೆಗೆದದ್ದಕ್ಕೆ. ಹಿರಿಯ ದಲ್ಲಾಳಿ ಸಿದ್ದಬಸಪ್ಪ ಅಂತೂ, "ಏನಂದೆ? ಇನ್ನೊಂದ್ಸಲ ಹೇಳು" ಎಂದು ಎದ್ದೇ ನಿಂತ. ಕಲ್ಲೇಶಪ್ಪ ಇನ್ನೊಂದು ಸಲ ಹೇಳಿದ. ಹೇಳಿ ಕೂತ.

"ಹಂಗಾದ್ರೆ ನಂದೂ ಮಾತಿಲ್ಲ" ಎಂದು ಚನ್ನಮಲ್ಲಪ್ಪ ಮುಖ ಗಂಟಿಕ್ಕಿದ. "ಗೋಡೆ ಗೀಡೆ ಎಲ್ಲ ಮರ್ತುಬಿಡಿ."

"ನಾವು ಕೇಳೋ ಮುಂಚೆ ಇಲ್ಲ ಅಂತೀರಲ್ಲ ಅಧ್ಯಕ್ಷರೇ" ಎಂದು ವಿಮಲ ಎದ್ದಳು.

ಅಲ್ಲಿಂದ ಮುಂದಿನ ಹೊತ್ತು ಕಲ್ಲೇಶಪ್ಪನ ಜೀವಮಾನದಲ್ಲೇ ಅತಿ ಕಷ್ಟದ ಹೊತ್ತು. ಸುಮ್ಮನೆ ಕೂರಬೇಕಿತ್ತು. ಹುಡುಗಿ ಬುಟ್ಟಿ ಹೊತ್ತು ಬರುವವರ ಕಥೆ ಹೇಳಿದಳು, ನೀರು ಕುಡಿಯದ ಕಥೆ ಹೇಳಿದಳು, ನರ್ಸಮ್ಮ ಬಯ್ದದ್ದನ್ನು ಹೇಳಿದಳು. ಆ ಮಾತಿನ ಹತ್ತಿರ ಬಂದಾಗ ನಿಂತುಬಿಟ್ಟಳು. ಕಲ್ಲೇಶಪ್ಪನ ನಾಲಿಗೆ ತುದಿಯಲ್ಲಿ ಆ ಮಾತು ಕುಣಿಯುತ್ತಿತ್ತು. ಒಂದು ಸಲ ತಾನು ಕೂಗಿಬಿಟ್ಟರೆ ಅವಳ ಕಷ್ಟ ಮುಗಿಯುತ್ತಿತ್ತು. ಅವನು ಎರಡೂ ಕೈಯಿಂದ ಬೆಂಚಿನ ಅಂಚು ಹಿಡಿದುಕೊಂಡು ಹಲ್ಲು ಕಚ್ಚಿ ಕೂತ.

"ಕಕ್ಕಸು" ಅಂದಳು ವಿಮಲ, ಕೊನೆಯ ಬೆಂಚಿಗೂ ಕೇಳುವ ಹಾಗೆ. "ಹೆಂಗಸ್ರಿಗೆ ಒಂದು ಕಕ್ಕಸು ಬೇಕು. ಇಷ್ಟೇ ನಾವು ಕೇಳ್ತಿರೋದು."

ಎಲ್ಲೋ ಒಬ್ಬ ಕಿಸಕ್ಕನೆ ನಕ್ಕ. ಬಾಗಿಲಲ್ಲಿ ಹಾಲಮ್ಮನ ಜೊತೆಗೆ ನಿಂತಿದ್ದ ಸೊಪ್ಪಿನವರು, ಬಳೆಯವರು, ಮಡಕೆಯವರು ಒಟ್ಟಿಗೆ ಆ ಕಡೆ ಕತ್ತು ತಿರುಗಿಸಿದರು. ನಕ್ಕವನು ಕೆಮ್ಮಿದಂತೆ ಮಾಡಿದ. ಸುಮಿತ್ರಮ್ಮನೂ ಅವರ ನಡುವೆ ಇದ್ದಳು, ಗಂಡನಿಗೆ ಹೇಳದೆಯೇ ಬಂದಿದ್ದಳು.

ಆಮೇಲೆ ಮಾತುಗಳು ಶುರುವಾದವು. ಎಂದೂ ಬಾಯಿ ಬಿಡದ ಒಬ್ಬ ಸದಸ್ಯ, "ನಮ್ಮ ಮನೆಯವಳೂ ಸಂತೆಗೆ ಬರ್ತಾಳೆ, ನನಗೆ ಇದುವರೆಗೂ ಹೊಳೆದೇ ಇರಲಿಲ್ಲ" ಎಂದು ತಲೆ ತುರಿಸಿಕೊಂಡ. ಇನ್ನೊಬ್ಬ, ಆಗಲಿ ಆದರೆ ಹೆಂಡದಂಗಡಿಯ ಹಿಂದಿನ ಜಾಗದಲ್ಲಿ ಕಟ್ಟೋಣ ಅಂದ. "ಅಲ್ಲಿಗೆ ನಿಮ್ಮನೆ ಹೆಂಗಸ್ರನ್ನ ಕಳಿಸ್ತೀರಾ?" ಎಂದು ವಿಮಲ ಕೇಳಿದಳು. ಅವನು ಕಳಿಸುವುದಿಲ್ಲ ಎಂದು ಒಪ್ಪಿಕೊಂಡು ಕೂತ. ಬಾವಿಯ ಮೇಲುಗಡೆ, ಹಲಸಿನ ಮರದ ಪಕ್ಕ ಎಂದು ತೀರ್ಮಾನವಾಯಿತು. ಕೈ ಎತ್ತಿ ಅಂದಾಗ ಮೂರು ಜನ ಬಿಟ್ಟು ಎಲ್ಲ ಸದಸ್ಯರೂ ಎತ್ತಿದರು. ಚನ್ನಮಲ್ಲಪ್ಪ ಎಲ್ಲರಿಗಿಂತ ಕೊನೆಗೆ ಎತ್ತಿದ, ಆದರೆ ಎತ್ತಿದ. ಹತ್ತು ಅಡಿ ಎಂದೂ ಅವನೇ ಸೇರಿಸಿದ. ಯಾಕೆ ಅಂತ ಯಾರೂ ಕೇಳಲಿಲ್ಲ.

ಗೋಡೆ ಎದ್ದಿತು. ಕಲ್ಲೇಶಪ್ಪನ ವ್ಯಾಪಾರ ಬಿದ್ದಿತು. ಸಂತೆಯಲ್ಲಿ ಅವನು ಬಂದರೆ ದಲ್ಲಾಳಿಗಳು ಕೈಯನ್ನು ಜೇಬಿಗೆ ಹಾಕಿಕೊಂಡು ಛೇಡಿಸುತ್ತಿದ್ದರು. "ಇಡ್ಬೌದಾ ಕಲ್ಲೇಶಪ್ಪ, ಇಲ್ಲ ನಿನ್ನ ಅಧ್ಯಕ್ಷಮ್ಮನ್ನ ಕೇಳ್ಕಂಡ್ ಬತ್ತೀಯಾ?" ಅವನು ನಗುತ್ತಿದ್ದ, ಒಳಗೆ ಚುಚ್ಚುತ್ತಿತ್ತು. ಹೆಂಗಸರು ಮಾತ್ರ ಗಂಡಂದಿರಿಗೆ, ಎತ್ತು ಕೊಳ್ಳೋದಾದ್ರೆ ಕಲ್ಲೇಶಪ್ಪಣ್ಣನ ಹತ್ರನೇ ಕೊಳ್ಳಿ ಎಂದು ತಾಕೀತು ಮಾಡಿ ಕಳಿಸುತ್ತಿದ್ದರು. ಹಾಗಾಗಿ ಮನೆಯಲ್ಲಿ ಒಲೆ ಆರಲಿಲ್ಲ. ವ್ಯಾಪಾರ ಬೀಳುತ್ತದೆಂದು ಅವನು ಎಣಿಸಿಯೇ ಇದ್ದ. ಎಣಿಸಿರದಿದ್ದದ್ದು ಒಂದೇ, ಮಕ್ಕಳು ಅವನನ್ನು ಕರೆಯಲಿಲ್ಲ. ವಿಮಲ ಮತ್ತೆ ಅಧ್ಯಕ್ಷೆಯಾಗಿದ್ದಳು, ಭಾನುವಾರ ಭಾನುವಾರ ಸಭೆ ನಡೆಯುತ್ತಿತ್ತು. ತಾನಾಗಿ ಹೋಗಲು ಅವನಿಗೆ ಮುಖವಿರಲಿಲ್ಲ. ಆ ಹೊತ್ತಿಗೆ ಜಗಲಿಯಲ್ಲಿ ಕೂತು ಶಾಲೆಯ ದಾರಿ ನೋಡುತ್ತಿದ್ದ. ಸುಮಿತ್ರಮ್ಮ ಕಾಫಿ ತಂದಿಟ್ಟರೆ ಅದು ಹಾಗೇ ಆರುತ್ತಿತ್ತು.

ಕೊನೆಗೆ ಒಂದು ಭಾನುವಾರ ಖಾದರ್ ಬಂದ. "ಮಾವ, ಬರ್ಬೇಕಂತೆ. ಇವತ್ತು ನಿಮ್ ವಿಷಯ ಐತೆ."

"ನನ್ ವಿಷಯ ಏನೋ?"

"ನೀವು ಇರ್ಬೇಕಾ ಬೇಡ್ವಾ ಅಂತ" ಅಂದ ಖಾದರ್, ಸಂಕೋಚವಿಲ್ಲದೆ.

ಶಾಲೆಯ ಹತ್ತಿರ ಹೋದರೆ ಒಳಗೆ ಬಿಡಲಿಲ್ಲ. ವಿಷಯ ತಮ್ಮದು, ಮುಗಿಯುವವರೆಗೆ ಹೊರಗಿರಿ ಎಂದು ಮೆಟ್ಟಿಲ ಮೇಲೆ ಕೂರಿಸಿದರು. ಒಳಗೆ ವಾದ ಜೋರಾಗಿ ನಡೆದಿತ್ತು. ತನ್ನ ಹೆಸರು ಮತ್ತೆ ಮತ್ತೆ ಕೇಳುತ್ತಿತ್ತು, ಹೊಗಳುತ್ತಿದ್ದಾರೋ ಬಯ್ಯುತ್ತಿದ್ದಾರೋ ತಿಳಿಯುತ್ತಿರಲಿಲ್ಲ. ಕಲ್ಲೇಶಪ್ಪ ಕಿಟಕಿಯ ಕಡೆ ಒಮ್ಮೆಯೂ ತಿರುಗಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಬಂದವಳು ವಿಮಲ.

"ಒಳಗ್ ಬನ್ನಿ ಮಾವ. ನೀವು ಇರ್ಬೇಕು ಅಂತ ಎಲ್ರೂ ಕೈ ಎತ್ತಿದ್ರು. ಸಾಂತಪ್ಪ ಒಬ್ಬ ಎತ್ಲಿಲ್ಲ."

"ಅವನ್ಯಾಕವ್ವ?"

"ನೀವಿದ್ರೆ ಸಭೆ ಬೇಗ ಮುಗಿಯಲ್ವಂತೆ."

ಕಲ್ಲೇಶಪ್ಪನಿಗೆ ನಗು ಬಂತು, ಅದರ ಹಿಂದೆಯೇ ಕಣ್ಣೂ ತುಂಬಿತು. ಹುಡುಗಿ ಅದನ್ನು ನೋಡಿಯೂ ನೋಡದಂತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಇಷ್ಟು ದಿನ ನೀವಾಗೇ ಬರ್ತಿದ್ರಿ ಮಾವ" ಅಂದಳು. "ಇವತ್ತಿಂದ ನಾವು ಕರ್ದಿದೀವಿ."

ಅವನು ಒಳಗೆ ಹೋದ. ಕೋಣೆಯಲ್ಲಿದ್ದ ಮಕ್ಕಳೆಲ್ಲ ಎದ್ದು ನಿಂತರು, ಸಾಂತಪ್ಪನೂ ಎದ್ದ. ಕಲ್ಲೇಶಪ್ಪ ಹಿಂದಿನ ಬೆಂಚಿನಲ್ಲಿ ಜಾಗ ಮಾಡಿಕೊಂಡು ಕೂತ. ವಿಮಲ ಮುಂದಿನ ವಿಷಯ ಓದಿದಳು. ಬೀದಿಯ ದೀಪಗಳನ್ನು ಹಚ್ಚುವವನು ಸರಿಯಾಗಿ ಬರುತ್ತಿಲ್ಲ ಎನ್ನುವ ದೂರು ಅದು. ಆ ವಿಷಯದಲ್ಲಿ ಕಲ್ಲೇಶಪ್ಪನಿಗೆ ಹೇಳುವುದು ಬೇಕಾದಷ್ಟಿತ್ತು. ಅವನು ಕೈ ಕಟ್ಟಿಕೊಂಡು, ಖಾದರ್ ಏನು ಹೇಳುತ್ತಾನೆಂದು ಕೇಳುತ್ತ ಕೂತ.